ಬಾಲಾಪರಾಧ ನಿವಾರಣೆ

ಊರಿನಲ್ಲಿ ಯಾವನಾದರೊಬ್ಬ ಹುಡುಗನು ಕಳವಿನಲ್ಲಿಯೋ ಹೊಡೆದಾಟದಲ್ಲಿಯೋ ಸಿಕ್ಕಿಬಿದ್ದನೆಂದರೆ ಎರಡು ಬಗೆಯ ಮಾತುಗಳು ಕೂಡಲೇ ಕೇಳಿಬರುತ್ತವೆ. ಠಾಣೆಯಲ್ಲಿ ನಾಲ್ಕು ಬಿಗಿದರೆ ತಾನಾಗಿಯೇ ನೆಟ್ಟಗಾಗುತ್ತಾನೆಂಬುದು ಒಂದು. ಅವನ ಹುಟ್ಟೇ ಅಂಥದು, ಏನು ಮಾಡಿದರೂ ಅಷ್ಟೆ ಎಂಬುದು ಇನ್ನೊಂದು. ವಿದ್ಯಾವಂತರೂ ಅಧಿಕಾರದಲ್ಲಿರುವವರೂ ಈ ಮಾತುಗಳನ್ನಾಡುವುದನ್ನು ನಾವು ಕೇಳಿದ್ದೇವೆ. ಎರಡಕ್ಕೂ ಒಂದು ಅನುಕೂಲವುಂಟು: ಆಡಿದವನ ಹೊಣೆ ಅಲ್ಲಿಗೇ ತೀರಿಹೋಗುತ್ತದೆ. ಹುಡುಗನು ಅಪರಾಧಕ್ಕೆ ಕಾಲಿಡುವ ಮೊದಲು ಅವನ ಸುತ್ತ ಯಾರಿದ್ದರು, ಯಾರಿರಬೇಕಾಗಿತ್ತು ಎಂಬ ಪ್ರಶ್ನೆಯು ಮಾತ್ರ ಹಾಗೆಯೇ ಉಳಿಯುತ್ತದೆ. ಇಂದು ಆ ಪ್ರಶ್ನೆಯನ್ನು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಹಾಜನರ ಮುಂದಿಡಬಯಸುತ್ತೇವೆ.

ಮೊದಲು ಅಂಕಿಗಳನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದವರ ವರದಿಯಂತೆ ದೇಶದಲ್ಲಿ 2021ರಲ್ಲಿ ಬಾಲಕರ ಮೇಲೆ ದಾಖಲಾದ ಮೊಕದ್ದಮೆಗಳು 31,170, 2022ರಲ್ಲಿ 30,555. ಇಷ್ಟು ದೊಡ್ಡ ದೇಶಕ್ಕೆ ಇದು ಪ್ರಳಯದ ಸಂಖ್ಯೆಯಲ್ಲ. ಏರುತ್ತಲೇ ಹೋಗುತ್ತಿದೆಯೆಂದು ಗಾಬರಿಪಡುವವರು ಈ ಎರಡು ಅಂಕಿಗಳನ್ನು ಒಮ್ಮೆ ಹೋಲಿಸಿ ನೋಡುವುದೊಳ್ಳೆಯದು. ಯೋಚನೆಗೆ ಕಾರಣವಾಗಬೇಕಾದುದು ಬೇರೊಂದು ಅಂಕಿ. ಆ ವರ್ಷ ಹಿಡಿಯಲ್ಪಟ್ಟವರಲ್ಲಿ ನೂರಕ್ಕೆ 78ಕ್ಕಿಂತ ಮಿಕ್ಕಿದವರು 16ರಿಂದ 18 ವರ್ಷದೊಳಗಿನವರು. ಹಿಂದಿನ ವರದಿಗಳು ಇನ್ನೊಂದು ವಿಷಯವನ್ನೂ ತಿಳಿಸುತ್ತ ಬಂದಿವೆ: ಇವರಲ್ಲಿ ಮನೆಮಠವಿಲ್ಲದೆ ಬೀದಿಯಲ್ಲಿ ಬೆಳೆದವರು ಸ್ವಲ್ಪವೇ ಮಂದಿ, ಬಹುಪಾಲಿನವರು ತಂದೆತಾಯಿಗಳೊಡನೆ ಇದ್ದವರೇ. ಎಂದ ಮೇಲೆ ಅಪರಾಧಿ ಬಾಲಕನೆಂದರೆ ಎಲ್ಲಿಂದಲೋ ಬಂದ ಅನಾಥನೆಂಬ ಕಲ್ಪನೆ ಸರಿಯಲ್ಲ. ಅವನು ನಮ್ಮ ಬೀದಿಯವನು. ಶಾಲೆಯ ಹಾಜರಿ ಪುಸ್ತಕದಲ್ಲಿ ನಿನ್ನೆ ಮೊನ್ನೆಯವರೆಗೆ ಹೆಸರಿದ್ದವನು.

ಹುಟ್ಟಿನ ಮಾತನ್ನು ಇಲ್ಲಿಯೇ ತೀರಿಸಿಬಿಡಬಹುದು. ಈ ದೇಶದಲ್ಲಿ ಅದು ಜಗಲಿಯ ಹರಟೆಯಾಗಿ ಮಾತ್ರವೇ ಇರದೆ ಕಾಯಿದೆಯೇ ಆಗಿದ್ದಿತು. 1871ರಲ್ಲಿ ಬ್ರಿಟಿಷ್ ಸರಕಾರದವರು ಕೆಲವು ಜಾತಿಗಳನ್ನು ಹುಟ್ಟಪರಾಧಿಗಳೆಂದು ಸಾರುವ ಕಾಯಿದೆಯನ್ನು ಮಾಡಿದರು. 1911ರ ಕಾಯಿದೆಯಿಂದ ಅದು ಮದ್ರಾಸು ಆಧಿಪತ್ಯಕ್ಕೂ ಹಬ್ಬಿತು. ಕೊಳ್ಳೇಗಾಲವು ಅಂದು ಕೊಯಮತ್ತೂರು ಜಿಲ್ಲೆಯೊಳಗಿದ್ದುದರಿಂದ ಈ ಸೀಮೆಯೂ ಅದರ ಆಳ್ವಿಕೆಗೆ ಒಳಪಟ್ಟಿತು. ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ಕೈಗಾರಿಕಾ ಶಾಲೆಗಳಲ್ಲಿ ಇಡುವ ಅಧಿಕಾರವೂ ಅದರಲ್ಲಿತ್ತು. ಮದ್ರಾಸಿನಲ್ಲಿ 1947ರಲ್ಲಿ, ದೇಶದಾದ್ಯಂತ 1952ರಲ್ಲಿ ಅದು ರದ್ದಾಯಿತು. ಎಂಬತ್ತು ವರ್ಷಗಳ ಈ ಪ್ರಯೋಗದಿಂದ ಅಪರಾಧವು ಅಳಿಯಲಿಲ್ಲ. ಅಳಿಸಲಾಗದ ಕಲಂಕವೊಂದು ಲಕ್ಷಾಂತರ ಜನರಿಗೆ ಅಂಟಿತು, ಅಷ್ಟೆ. ಸ್ವತಂತ್ರ ಭಾರತವು ಕಿತ್ತೆಸೆದ ಸಿದ್ಧಾಂತವನ್ನು ನಮ್ಮ ವಿದ್ಯಾವಂತರು ಇಂದಿಗೂ ನಾಲಗೆಯ ಮೇಲೆ ಉಳಿಸಿಕೊಂಡಿರುವುದು ನಾಚಿಕೆಗೇಡು.

ಅಪರಾಧವೆಂಬುದು ಬಹುಮಟ್ಟಿಗೆ ಕಲಿತು ಬರುವ ಕಸುಬು. ಇದಕ್ಕೆ ದೂರದ ಪಟ್ಟಣಗಳ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಈಗ ಹನೂರು ತಾಲ್ಲೂಕಿಗೆ ಸೇರಿದ ಗೋಪಿನಾಥಂ ಎಂಬ ಕಾಡಂಚಿನ ಹಳ್ಳಿಯಲ್ಲಿ 1952ರಲ್ಲಿ ಹುಟ್ಟಿದ ಹುಡುಗನೊಬ್ಬನ ಹೆಸರು ಮುಂದೆ ಎರಡು ರಾಜ್ಯಗಳ ಸರಕಾರಗಳನ್ನು ನಡುಗಿಸಿತು. ವೀರಪ್ಪನ್ ಕಾಡುಗಳ್ಳನಾಗಿ ಹುಟ್ಟಲಿಲ್ಲ. ಬಾಲ್ಯದಲ್ಲಿಯೇ ಸೇವಿ ಗೌಂಡರ್ ಎಂಬ ಕಳ್ಳಬೇಟೆಗಾರನ ಕೈಕೆಳಗೆ ಸೇರಿ ಬಂದೂಕು, ದಂತ, ಗಂಧ ಇವುಗಳ ವ್ಯವಹಾರವನ್ನು ಪಳಗಿಸಿಕೊಂಡನು. ಮೀಸೆ ಮೂಡುವ ಮೊದಲೇ ಆನೆಯನ್ನು ಹೊಡೆದನೆಂದು ಹೇಳುತ್ತಾರೆ. ಆಗ ಅವನಿಗೆ ಎಷ್ಟು ವಯಸ್ಸೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವುಂಟು. ಅವನಿಗೆ ಗುರುವಿದ್ದನು, ಗುರುಕುಲವಿತ್ತು, ಕಲಿತ ವಿದ್ಯೆಗೆ ಪೇಟೆಯಲ್ಲಿ ಬೆಲೆಯಿತ್ತು. ದಂತವನ್ನೂ ಗಂಧವನ್ನೂ ಕೊಂಡವರು ಹಳ್ಳಿಯವರಲ್ಲ; ಪೇಟೆಗಳಲ್ಲಿ ಮರ್ಯಾದಸ್ಥರೆನಿಸಿಕೊಂಡು ಬಾಳಿದ ಜನ. ಅದೇ ವಯಸ್ಸಿನಲ್ಲಿ ಅವನನ್ನು ಕೈಹಿಡಿದು ಬೇರೊಂದು ಕಸುಬಿಗೆ ಹಚ್ಚುವ ಗುರುವಾಗಲಿ ಸಂಸ್ಥೆಯಾಗಲಿ ಆ ಕಾಡಂಚಿನಲ್ಲಿ ಇರಲಿಲ್ಲ. ಮುಂದಿನದನ್ನು ಓದುಗರು ಬಲ್ಲರು. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಪೋಲೀಸ್ ಅಧಿಕಾರಿಗಳಾದ ಹರಿಕೃಷ್ಣ, ಶಕೀಲ್ ಅಹಮದ್ ಇವರ ಕೊಲೆ, 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟ, 2000ದಲ್ಲಿ ಗಾಜನೂರಿನಿಂದ ಡಾ. ರಾಜಕುಮಾರರ ಅಪಹರಣ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರ ಅಪಹರಣ ಮತ್ತು ಮರಣ. 2004ರ ಅಕ್ಟೋಬರ್ 18ರಂದು ಅವನು ಗುಂಡಿಗೆ ಬಲಿಯಾಗುವವರೆಗೆ ಸರಕಾರಗಳು ಸುರಿದ ಹಣವೂ ಹೋದ ಪ್ರಾಣಗಳೂ ಎಷ್ಟೆಂದು ಲೆಕ್ಕ ಹಾಕುವವರು, ಒಂದು ಹಳ್ಳಿಯ ಹತ್ತು ಹುಡುಗರಿಗೆ ಹತ್ತು ವರ್ಷ ವಿದ್ಯೆಯನ್ನೂ ಕಸುಬನ್ನೂ ಕಲಿಸಲು ತಗಲುತ್ತಿದ್ದ ವೆಚ್ಚವನ್ನೂ ಅದರ ಪಕ್ಕದಲ್ಲಿ ಬರೆದು ನೋಡಲಿ.

ಇದನ್ನು ಅರ್ಥ ಮಾಡಿಕೊಂಡ ಅಧಿಕಾರಿಯೊಬ್ಬರು ಇದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಗೋಪಿನಾಥಂನಲ್ಲಿಯೇ ನೆಲೆಸಿ, ಕುಡಿಯುವ ನೀರು, ಔಷಧೋಪಚಾರ, ರಸ್ತೆ ಇವುಗಳಿಗಾಗಿ ದುಡಿದರು. ಊರವರಿಗೆ ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟರು. ತಂಡದಲ್ಲಿ ಸೇರಿದ್ದವರನ್ನು ಮಾತಿನಿಂದ ಒಲಿಸಿ ಹಿಂದಕ್ಕೆ ಕರೆತಂದರು. ಬಂದೂಕಿನ ಆಳಿಗೆ ಹೊಸ ಶಿಷ್ಯರು ಸಿಕ್ಕದಂತೆ ಮಾಡುವುದೇ ಅವರ ಉಪಾಯ. 1991ರ ನವೆಂಬರ್ 10ರಂದು ವೀರಪ್ಪನ್ ಅವರನ್ನು ಮೋಸದಿಂದ ಕೊಂದನು. ಸರಕಾರವು ಮರಣೋತ್ತರವಾಗಿ ಕೀರ್ತಿಚಕ್ರವನ್ನು ಕೊಟ್ಟಿತು. ಊರವರು ಅವರ ಭಾವಚಿತ್ರವನ್ನಿಟ್ಟು ಪೂಜಿಸಿದರು. ಅವರ ಕ್ರಮವು ಸೋತಿತೆಂದು ಹೇಳುವವರುಂಟು. ಒಬ್ಬ ವ್ಯಕ್ತಿಯ ಸಾವಿನೊಡನೆ ನಿಂತುಹೋದ ಕೆಲಸವನ್ನು ಸೋಲೆಂದು ಕರೆಯುವುದು ನ್ಯಾಯವಲ್ಲ. ಅದನ್ನು ಸರಕಾರದ ನಿತ್ಯ ಕೆಲಸವನ್ನಾಗಿ ಮಾಡಿಕೊಳ್ಳದಿದ್ದುದು ಸೋಲು. ಅವರ ತರುವಾಯ ಆ ಸೀಮೆಯ ಹಳ್ಳಿಗಳಿಗೆ ಬಂದುದು ಬೇರೆ ಬಗೆಯ ಸರಕಾರ. ನೂರಕ್ಕೂ ಹೆಚ್ಚು ಮಂದಿ ಟಾಡಾ ಕಾಯಿದೆಯಡಿ ವರ್ಷಗಟ್ಟಲೆ ಮೈಸೂರು ಸೆರೆಮನೆಯಲ್ಲಿದ್ದು, 2001ರಲ್ಲಿ ಅವರ ಪೈಕಿ ಬಹುಪಾಲಿನವರು ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಕಾರ್ಯಾಚರಣೆಯ ಕಾಲದ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯು ವಿಚಾರಿಸಿತು. ನೊಂದವರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ ಹೇಳಿತು. ತಂದೆ ಸೆರೆಮನೆಯಲ್ಲಿದ್ದ ಆ ವರ್ಷಗಳಲ್ಲಿ ಆ ಮನೆಗಳ ಮಕ್ಕಳು ಏನನ್ನು ಉಂಡರು, ಯಾರ ಮಾತನ್ನು ಕೇಳಿ ಬೆಳೆದರು ಎಂಬುದನ್ನು ಯಾವ ಸಮಿತಿಯೂ ತನ್ನ ಮುಖ್ಯ ವಿಷಯವನ್ನಾಗಿ ಮಾಡಿಕೊಳ್ಳಲಿಲ್ಲ.

ಕಾಡಿನಿಂದ ಪೇಟೆಗೆ ಬರೋಣ. ಕೊಳ್ಳೇಗಾಲದ ರೇಷ್ಮೆಯ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಹಿಪ್ಪುನೇರಳೆ, ಗೂಡು, ನೂಲು, ಮಗ್ಗ ಇವು ಈ ಸೀಮೆಗೆ ಅನ್ನವಿಟ್ಟ ಉದ್ಯೋಗಗಳು. ಆದರೆ ನಮ್ಮ ರಾಜ್ಯದ ರೇಷ್ಮೆಯ ಎಳೆಯಲ್ಲಿ ಎಳೆಯರ ಬೆರಳು ಬಹುಕಾಲದಿಂದ ಸಿಕ್ಕಿಕೊಂಡಿದ್ದಿತೆಂಬುದನ್ನು ಮುಚ್ಚಿಡಲಾಗದು. ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹಿಡಿಯುವುದು, ಹುರಿ ಯಂತ್ರದಲ್ಲಿ ಕಡಿದ ದಾರಕ್ಕೆ ಗಂಟು ಹಾಕುವುದು, ಇವು ಚಿಕ್ಕ ಬೆರಳುಗಳಿಗೇ ತಕ್ಕ ಕೆಲಸಗಳೆಂಬ ನೆಪದಿಂದ ಮಕ್ಕಳನ್ನು ದುಡಿಸಿಕೊಂಡರು. ತಂದೆಯು ತೆಗೆದುಕೊಂಡ ಮುಂಗಡ ತೀರುವವರೆಗೆ ಮಗುವು ಒತ್ತೆಯಾಳು. ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಇದ್ದ ಈ ಜೀತವನ್ನು 1996ರಲ್ಲಿಯೂ 2003ರಲ್ಲಿಯೂ ವರದಿ ಮಾಡಿ ಜಗತ್ತಿಗೇ ತಿಳಿಸಿತು. ಅಂದಿನಿಂದ ತಪಾಸಣೆ ಹೆಚ್ಚಿದೆ, ಶಾಲೆಗಳು ಹೆಚ್ಚಿವೆ. ಹಾಗೆಂದು ಸಮಾಧಾನಪಡಲು ಮನಸ್ಸು ಒಪ್ಪುವುದಿಲ್ಲ. ಏಳನೆಯ ವಯಸ್ಸಿನಿಂದ ದುಡಿದು ಹದಿನೈದಕ್ಕೆ ಬೆರಳು ದಪ್ಪವಾಗಿ ಬೇಡವಾದ ಹುಡುಗನು ಏನು ಮಾಡಬೇಕು? ಅವನಿಗೆ ಅಕ್ಷರ ಬಾರದು. ಕಲಿತದ್ದು ಇಡೀ ಕಸುಬೂ ಅಲ್ಲ, ಅದರೊಂದು ತುಣುಕು. ಎಂಟು ವರ್ಷ ದುಡಿದರೂ ಕೈಗೆ ಕಾಸು ಬರಲಿಲ್ಲವೆಂಬ ಕಹಿಯೊಂದೇ ಅವನ ಗಳಿಕೆ. ಅಂಥವನಿಗೆ ಒಂದು ರಾತ್ರಿಯ ಕೆಲಸಕ್ಕೆ ಒಂದು ತಿಂಗಳ ಕೂಲಿಯನ್ನು ತೋರಿಸುವವನು ಬಂದರೆ ನೀತಿಬೋಧೆಯಿಂದ ಅವನನ್ನು ತಡೆಯಬಹುದೆಂದು ನಾವು ನಂಬಲಾರೆವು.

ಮಳೆಯನ್ನು ನಂಬಿದ ಹನೂರು ಕಡೆಯ ಒಣಹೊಲಗಳ ಸಂಗತಿ ಬೇರೆ. ರಾಗಿಯ ಬೆಳೆ ಕೈಕೊಟ್ಟ ವರ್ಷ ಗಂಡಹೆಂಡಿರು ಕೊಡಗಿನ ಕಾಫಿ ತೋಟಗಳಿಗೋ ಕಲ್ಲುಗಣಿಗಳಿಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಅಜ್ಜಿಗೆ ಅನ್ನ ಮಾಡಿ ಹಾಕುವ ಶಕ್ತಿಯುಂಟು. ಹದಿನಾರರ ಹುಡುಗನನ್ನು ಎಲ್ಲಿಗೆ ಹೋಗಿದ್ದೆಯೆಂದು ಕೇಳಿ ಉತ್ತರ ಪಡೆಯುವ ಶಕ್ತಿಯಿಲ್ಲ. ಈ ತಂದೆತಾಯಿಗಳನ್ನು ಹೊಣೆಗೇಡಿಗಳೆಂದು ಬಯ್ಯುವುದು ಸುಲಭ. ಮನೆಯಲ್ಲಿ ಕುಳಿತು ಮಕ್ಕಳನ್ನು ಕಾಯುವ ಸೌಲಭ್ಯವು ಅವರಿಗೆ ಇದ್ದಿದ್ದರೆ ಅವರು ಹೋಗುತ್ತಲೇ ಇರಲಿಲ್ಲ.

ಅಂಥ ನೆಪವಿಲ್ಲದವರು ಪಟ್ಟಣದ ಅನುಕೂಲಸ್ಥರು. ಒಂಬತ್ತನೆಯ ತರಗತಿಯ ಮಗನಿಗೆ ಮೋಟಾರು ಬೈಕಿನ ಕೀಲಿಯನ್ನು ತಾವೇ ಕೊಟ್ಟು ಅವನು ಬೀದಿಯಲ್ಲಿ ಹಾರಿಸಿಕೊಂಡು ಹೋಗುವುದನ್ನು ಹೆಮ್ಮೆಯಿಂದ ನೋಡುವ ತಂದೆಗಳು ನಮ್ಮ ಓದುಗರಲ್ಲಿಯೂ ಇಲ್ಲದಿಲ್ಲ. ಅವನು ಯಾರನ್ನಾದರೂ ಕೆಡವಿದ ದಿನ ಅದು ಬಾಲಾಪರಾಧವಾಗುತ್ತದೆ. 2019ರ ತಿದ್ದುಪಡಿಯಂತೆ ಮೋಟಾರು ವಾಹನ ಕಾಯಿದೆಯು ಅಂಥ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸೆರೆಯನ್ನೂ 25,000 ರೂಪಾಯಿ ದಂಡವನ್ನೂ ವಿಧಿಸುತ್ತದೆ. ಹುಡುಗರಿಗೆ ಮದ್ಯವನ್ನೋ ತಂಬಾಕನ್ನೋ ಕೊಡುವವರಿಗೆ 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಏಳು ವರ್ಷದವರೆಗೆ ಕಠಿಣ ಸೆರೆಯುಂಟು; ಮಕ್ಕಳನ್ನು ಕಾನೂನುಬಾಹಿರ ಕೆಲಸಗಳಿಗೆ ಬಳಸಿಕೊಳ್ಳುವ ವಯಸ್ಕರಿಗೂ 83ನೆಯ ಕಲಮಿನಂತೆ ಅಷ್ಟೇ ಸೆರೆ, ಜೊತೆಗೆ ಐದು ಲಕ್ಷ ರೂಪಾಯಿವರೆಗೆ ದಂಡ. ಕಳವಿನ ಮಾಲನ್ನು ಹುಡುಗನ ಕೈಯಿಂದ ಅಗ್ಗಕ್ಕೆ ಕೊಳ್ಳುವವನೂ, ಅವನ ಹೆಗಲ ಮೇಲೆ ಕೈಯಿಟ್ಟು ಕಾವಲಿಗೆ ನಿಲ್ಲಿಸುವವನೂ ಹೊರಗೆ ಉಳಿದು, ಹುಡುಗನೊಬ್ಬನೇ ಠಾಣೆಯ ಬೆಂಚಿನ ಮೇಲೆ ಕುಳಿತಿರುವ ದೃಶ್ಯವನ್ನು ನಾವು ಇನ್ನೂ ನೋಡಬೇಕಾಗಿದೆ. ಈ ಕಲಮುಗಳನ್ನು ಪೋಲೀಸರು ಎಷ್ಟು ಸಾರಿ ಬಳಸಿದರೆಂಬುದನ್ನು ಜಿಲ್ಲೆಯ ಅಧಿಕಾರಿಗಳು ವರ್ಷಕ್ಕೊಮ್ಮೆ ಪ್ರಕಟಿಸುವುದು ಮೇಲು.

ಮಕ್ಕಳನ್ನು ದೊಡ್ಡವರಂತೆ ಶಿಕ್ಷಿಸಬಾರದೆಂಬ ವಿವೇಕವು ಈ ಸೀಮೆಗೆ ಹೊಸದೇನೂ ಅಲ್ಲ. ದೇಶದಲ್ಲಿ ಮೊತ್ತಮೊದಲಿಗೆ ಮಕ್ಕಳ ಕಾಯಿದೆಯನ್ನು ಮಾಡಿದುದು 1920ರಲ್ಲಿ ಮದ್ರಾಸು ಪ್ರಾಂತ. ಬಂಗಾಳವು 1922ರಲ್ಲಿ, ಮುಂಬಯಿಯು 1924ರಲ್ಲಿ ಅದನ್ನು ಅನುಸರಿಸಿದವು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಕೂಗಳತೆಯ ಕೊಳ್ಳೇಗಾಲವು ಮದ್ರಾಸಿನ ಕಾನೂನಿಗೆ ಸೇರಿದ್ದಿತು. ಹೀಗೆ ಒಂದೇ ಮನೆತನದ ಎರಡು ಕವಲುಗಳ ಹುಡುಗರು ಎರಡು ಸರಕಾರಗಳ ನ್ಯಾಯಕ್ಕೆ ಒಳಪಟ್ಟಿದ್ದ ಕಾಲವದು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಕನ್ನಡ ರಾಜ್ಯಕ್ಕೆ ಸೇರಿತು. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಕ್ಕಳ ಕಾಯಿದೆ ಬಂದಿತು. 1986ರಲ್ಲಿ, 2000ದಲ್ಲಿ, 2015ರಲ್ಲಿ ದೇಶಕ್ಕೆಲ್ಲ ಕಾಯಿದೆಗಳಾದವು. ಕಡೆಯದು 2012ರ ದೆಹಲಿಯ ಘೋರ ಕೃತ್ಯದ ತರುವಾಯದ ಆಕ್ರೋಶದಲ್ಲಿ ಹುಟ್ಟಿದುದರಿಂದ, ಹೀನ ಅಪರಾಧಗಳಲ್ಲಿ 16 ತುಂಬಿದವರನ್ನು ವಯಸ್ಕರಂತೆ ವಿಚಾರಿಸುವ ಬಾಗಿಲನ್ನು ತೆರೆದಿದೆ. ಆ ಬಾಗಿಲು ಅತ್ಯಪರೂಪವಾಗಿ ಮಾತ್ರ ತೆರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಉಳಿದಂತೆ ಕಾಯಿದೆಯು ಉದಾರವಾದುದೇ ಸರಿ. ಹಿಡಿದ ಬಾಲಕನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರತಿಯೊಂದು ಠಾಣೆಯಲ್ಲಿಯೂ ಮಕ್ಕಳ ವಿಷಯಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜಸೇವಕರು, ಅವರಲ್ಲಿ ಒಬ್ಬರಾದರೂ ಮಹಿಳೆ. ವಿಚಾರಣೆಯು ನಾಲ್ಕು ತಿಂಗಳಲ್ಲಿ ಮುಗಿಯತಕ್ಕದ್ದು. ಹುಡುಗನ ಹೆಸರನ್ನೂ ಚಿತ್ರವನ್ನೂ ಪತ್ರಿಕೆಗಳು ಪ್ರಕಟಿಸಕೂಡದೆಂಬ 74ನೆಯ ಕಲಮನ್ನು ನಮ್ಮ ವೃತ್ತಿಬಾಂಧವರಿಗೂ, ಈಚೆಗೆ ಕೈಯಲ್ಲೊಂದು ಮೊಬೈಲಿರುವುದರಿಂದಲೇ ಪತ್ರಕರ್ತರಾದವರಿಗೂ ನೆನಪಿಸುತ್ತೇವೆ. ಮಗುವಿನ ಮುಖವು ಒಮ್ಮೆ ಊರೆಲ್ಲ ಹರಡಿದ ಮೇಲೆ ಯಾವ ಮಂಡಳಿಯ ಆದೇಶವೂ ಅದನ್ನು ಹಿಂದಕ್ಕೆ ತರಲಾರದು.

ಹದಿಹರೆಯದ ಪ್ರೇಮ ಪ್ರಕರಣಗಳ ವಿಷಯದಲ್ಲಿ ಒಂದು ಮಾತು. ಹದಿನೇಳರ ಹುಡುಗ, ಹದಿನಾರರ ಹುಡುಗಿ ಊರು ಬಿಟ್ಟು ಹೋದರೆ ಹೆಣ್ಣಿನ ಕಡೆಯವರು ದೂರು ಕೊಡುತ್ತಾರೆ. ಪೋಕ್ಸೊ ಕಾಯಿದೆಯ ಗಂಭೀರ ಕಲಮುಗಳಲ್ಲಿ ಹುಡುಗನು ಸಿಕ್ಕಿಕೊಳ್ಳುತ್ತಾನೆ. ಈ ಕಾಯಿದೆಯ ಪರಿಣಾಮಗಳನ್ನು ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ತಿಳಿಯಪಡಿಸಬೇಕೆಂದು ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರಲ್ಲಿ ಸೂಚಿಸಿತು. ಪ್ರತಿಯೊಬ್ಬ ಮುಖ್ಯೋಪಾಧ್ಯಾಯರೂ ವರ್ಷಾರಂಭದಲ್ಲಿ ಇದಕ್ಕಾಗಿ ಒಂದು ತಾಸನ್ನು ತೆಗೆದಿಟ್ಟರೆ ಸಾಕು, ಖರ್ಚಿಲ್ಲದ ಕೆಲಸ.

ಖರ್ಚಿನ ಕೆಲಸವೂ ಒಂದುಂಟು. ಅದನ್ನು ನಾವು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇವೆ. ಶಿಕ್ಷಣದ ಹಕ್ಕಿನ ಕಾಯಿದೆಯು 2010ರ ಏಪ್ರಿಲ್‌ನಿಂದ ಜಾರಿಗೆ ಬಂದಿತಷ್ಟೆ. ಅದು ಹುಡುಗನ ಕೈಯನ್ನು 14ನೆಯ ವಯಸ್ಸಿನವರೆಗೆ ಹಿಡಿದು ಅಲ್ಲಿ ಬಿಡುತ್ತದೆ. ವಯಸ್ಕರ ಕಾನೂನು 18ರಲ್ಲಿ ಅವನ ಕೊರಳಪಟ್ಟಿಯನ್ನು ಹಿಡಿಯುತ್ತದೆ. ನಡುವಣ ನಾಲ್ಕು ವರ್ಷ ಅವನು ಯಾರವನೂ ಅಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದವನನ್ನು ಶಾಲೆಯು ಮರೆಯುತ್ತದೆ. 2016ರ ತಿದ್ದುಪಡಿಯಂತೆ ಅಪಾಯದ ಕೆಲಸಗಳಿಗೆ ಅವನನ್ನು ಇಟ್ಟುಕೊಳ್ಳಕೂಡದು, ಅದು ನ್ಯಾಯವೇ. ಆದರೆ ಅಪಾಯವಿಲ್ಲದ ಕೆಲಸವನ್ನು ಯಾರು ಕಲಿಸಬೇಕೆಂಬುದನ್ನು ಯಾವ ಕಾಯಿದೆಯೂ ಹೇಳುವುದಿಲ್ಲ. ಹಿಡಿಯಲ್ಪಟ್ಟವರಲ್ಲಿ ನೂರಕ್ಕೆ 78 ಮಂದಿ ಯಾವ ವಯಸ್ಸಿನವರೆಂಬುದನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು. ಕೈಕಸುಬಿನ ಮೂಲಕ ವಿದ್ಯೆಯೆಂಬ ವಿಚಾರವನ್ನು ಮಹಾತ್ಮರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟಾಗ, ಬಡವರ ಮಕ್ಕಳನ್ನು ಬಡವರಾಗಿಯೇ ಉಳಿಸುವ ಉಪಾಯವಿದೆಂದು ಆಕ್ಷೇಪಿಸಿದವರಿದ್ದರು. ಮಗ್ಗವೂ ಗೂಡೂ ಮನೆಮನೆಯಲ್ಲಿದ್ದ ಊರಿನಲ್ಲಿ ರೇಷ್ಮೆಯ ಕಸುಬನ್ನು, ಗೂಡಿನ ಬೆಲೆಕಟ್ಟುವುದರಿಂದ ಹಿಡಿದು ಯಂತ್ರದ ದುರಸ್ತಿ, ಬಣ್ಣ, ಲೆಕ್ಕಪತ್ರದವರೆಗೆ ಇಡಿಯಾಗಿ ಕಲಿಸುವ ವಸತಿಶಾಲೆಯೊಂದನ್ನು ಇಂಥ ಹುಡುಗರಿಗೆಂದೇ ನಡೆಸುವುದು ಅಸಾಧ್ಯವೆಂದು ನಮಗೆ ತೋರುವುದಿಲ್ಲ. ಕಲಿಯುವ ಕಾಲದಲ್ಲಿ ಮನೆಗೆ ಸ್ವಲ್ಪ ಭತ್ಯೆಯೂ ಸಿಗಬೇಕು. ಇಲ್ಲದಿದ್ದರೆ ಹುಡುಗನು ಮೂರನೆಯ ವಾರವೇ ಗಾರೆ ಕೆಲಸಕ್ಕೆ ಹೊರಟುಹೋಗುತ್ತಾನೆ.

ಇದು ಆಗತಕ್ಕ ಮಾತೇ ಎಂದು ಸಂದೇಹಪಡುವವರು ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರಲಿ. ಡಾ. ಎಚ್. ಸುದರ್ಶನರು 1981ರಲ್ಲಿ ಅಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ಮಕ್ಕಳಿಗೆ ಶಾಲೆಯನ್ನೂ ಕಸುಬಿನ ಶಿಕ್ಷಣವನ್ನೂ ಆಸ್ಪತ್ರೆಯನ್ನೂ ಒಂದೇ ಕಡೆ ಒದಗಿಸಿತು. 1972ರ ವನ್ಯಜೀವಿ ಕಾಯಿದೆಯೂ ಅಭಯಾರಣ್ಯವೂ ಬಂದ ಮೇಲೆ ತಾತನ ಕಾಲದ ಬೇಟೆ ಬೇಸಾಯಗಳೇ ಅಪರಾಧವೆನಿಸಿದ ಜನ ಅವರು. ಅವರ ಮಕ್ಕಳಲ್ಲಿ ಶಿಕ್ಷಕರೂ ದಾದಿಯರೂ ಆದವರುಂಟು. ಒಬ್ಬ ವೈದ್ಯರು ಬೆಟ್ಟದ ಮೇಲೆ ಮಾಡಿದುದನ್ನು ಮೂರು ತಾಲ್ಲೂಕುಗಳ ಪುರಸಭೆ, ಪಂಚಾಯಿತಿ, ರೇಷ್ಮೆ ಇಲಾಖೆ, ವರ್ತಕರು ಕೂಡಿ ಬಯಲಿನಲ್ಲಿ ಮಾಡಲಾರರೇ?

ಕಡೆಯದಾಗಿ ಸರಕಾರದವರಲ್ಲಿ ಒಂದು ಬೇಡಿಕೆಯುಂಟು. ಬಾಲನ್ಯಾಯ ಮಂಡಳಿಯು ಜಿಲ್ಲಾ ಕೇಂದ್ರದಲ್ಲಿ ಸೇರುತ್ತದೆ. ಗೋಪಿನಾಥಂನಿಂದ ಚಾಮರಾಜನಗರಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಮಗನ ಪ್ರತಿಯೊಂದು ವಾಯಿದೆಗೂ ತಾಯಿಯು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚು ಹೊತ್ತು, ನಸುಕಿನಲ್ಲಿ ಹೊರಡಬೇಕು. ಎರಡನೆಯ ಸಲಕ್ಕೆ ಆಕೆ ಬರುವುದಿಲ್ಲ. ಬಾರದ ತಾಯಿಯನ್ನು ಕಂಡು, ಮನೆಯವರಿಗೆ ಇವನು ಬೇಡವಾದವನೆಂದು ಕಡತದಲ್ಲಿ ಬರೆದುಕೊಂಡರೆ ಅದಕ್ಕಿಂತ ಅನ್ಯಾಯವಿಲ್ಲ. ಆದುದರಿಂದ ಮಂಡಳಿಯು ತಿಂಗಳಿಗೊಮ್ಮೆಯಾದರೂ ಕೊಳ್ಳೇಗಾಲದಲ್ಲಿ ಸೇರತಕ್ಕದ್ದು. ಮಂಡಳಿ ಸೇರದ ದಿನಗಳಲ್ಲಿ ಬಾಲಕನನ್ನು ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಲು ಕಾಯಿದೆಯ 7ನೆಯ ಕಲಮಿನಲ್ಲಿ ಅವಕಾಶವಿರುವುದರಿಂದ, ಸಮಾಜಸೇವಕ ಸದಸ್ಯರಲ್ಲಿ ಒಬ್ಬರು ಕೊಳ್ಳೇಗಾಲ ಅಥವಾ ಹನೂರಿನಲ್ಲಿ ವಾಸವಾಗಿರುವವರೇ ಆಗಬೇಕು. ಬಾಲಕನ ಮನೆಯ ಸ್ಥಿತಿಯನ್ನು ವಿಚಾರಿಸಿ 15 ದಿನಗಳಲ್ಲಿ ವರದಿ ಕೊಡಬೇಕಾದ ಪರಿವೀಕ್ಷಣಾಧಿಕಾರಿಗೆ ಕಾಡಂಚಿನ ಹಳ್ಳಿಗಳವರೆಗೆ ಹೋಗಿ ಬರಲು ವಾಹನವನ್ನು ಒದಗಿಸಬೇಕು. ಮೇಜಿನ ಮುಂದೆ ಕುಳಿತು ಬರೆದ ವರದಿಯಲ್ಲಿ ಬಾಲಕನ ಮನೆ ಕಾಣಿಸುವುದಿಲ್ಲ.